ಅಳೆಯದ ಕಾರಣವೊಂದು ಇರಬಹುದಾದಾಗ ಬಾಣದ ದಿಕ್ಕನ್ನು ಎಷ್ಟು ನಂಬಬಹುದು?

ಪ್ರಶ್ನೆ:
ಪ್ರಯೋಗವಿಲ್ಲದೆ, ಬರಿಯ ವೀಕ್ಷಣೆಯಿಂದ ಸಂಗ್ರಹಿಸಿದ ಡೇಟಾದ ಮೇಲೆ ಪಿಸಿ ಅಲ್ಗಾರಿದಮ್ (ಡೇಟಾದಲ್ಲಿನ ಸಂಬಂಧಗಳಿಂದ ಕಾರಣದಿಂದ ಪರಿಣಾಮದತ್ತ ಬಾಣಗಳನ್ನು ಬಿಡಿಸುವ ವಿಧಾನ) ನಡೆಸಿದಾಗ, ನಿದ್ರೆಯ ಅವಧಿಯಿಂದ ರಕ್ತದೊತ್ತಡದತ್ತ ಬಾಣವೊಂದು ಮೂಡಿತು. ಮಾನಸಿಕ ಒತ್ತಡವು ಇವೆರಡಕ್ಕೂ ಕಾರಣವಾಗಿರಬಹುದು, ಆದರೆ ಅದನ್ನು ಅಳೆದಿಲ್ಲ. ಎಫ್‌ಸಿಐ ಎಂಬ ಅದೇ ಬಗೆಯ ಇನ್ನೊಂದು ಅಲ್ಗಾರಿದಮ್ ಬಳಸಿದರೆ ಅದೇ ಬಾಣದ ಬಾಲದಲ್ಲಿ ಸಣ್ಣ ವೃತ್ತ ಕಾಣಿಸುತ್ತದೆ. ಇದನ್ನು ಹೇಗೆ ಓದಬೇಕು? ಅಳೆದಿರುವ ಎಲ್ಲ ಚರಾಂಶಗಳನ್ನೂ ರಿಗ್ರೆಶನ್‌ಗೆ (ಉಳಿದ ಚರಾಂಶಗಳನ್ನು ಸ್ಥಿರವಾಗಿಟ್ಟು ಒಂದರ ಪ್ರಭಾವವನ್ನು ಅಂದಾಜಿಸುವ ಲೆಕ್ಕಕ್ಕೆ) ಸೇರಿಸಿದರೆ ಸಾಕಾಗುತ್ತದೆಯೇ?

ಉತ್ತರ 1:
ಸಾಕಾಗುವುದಿಲ್ಲ. ಪಿಸಿ ಅಲ್ಗಾರಿದಮ್ ಎರಡು ಚರಾಂಶಗಳಿಗೂ ಸಮಾನವಾದ ಕಾರಣಗಳನ್ನೆಲ್ಲ ಅಳೆಯಲಾಗಿದೆ ಎಂದು ಮೊದಲೇ ಊಹಿಸಿಕೊಳ್ಳುತ್ತದೆ. ಎಫ್‌ಸಿಐ ಆ ಊಹೆಯನ್ನು ಕೈಬಿಡುತ್ತದೆ. ನಿಮ್ಮ ವೃತ್ತದ ಅರ್ಥವಿಷ್ಟೆ: ರಕ್ತದೊತ್ತಡವು ನಿದ್ರೆಗೆ ಕಾರಣವಲ್ಲ, ಆದರೆ ನಿದ್ರೆಯೇ ರಕ್ತದೊತ್ತಡಕ್ಕೆ ಕಾರಣವೋ, ಅಡಗಿದ ಮೂರನೆಯದೊಂದು ಎರಡನ್ನೂ ಎಳೆಯುತ್ತಿದೆಯೋ, ಅಥವಾ ಎರಡೂ ನಿಜವೋ ಎಂಬುದನ್ನು ಈ ಡೇಟಾ ತೀರ್ಮಾನಿಸಲಾರದು. ಎರಡಕ್ಕೂ ಕಾರಣವಾಗಬಲ್ಲ ವಯಸ್ಸನ್ನು ಖಂಡಿತ ಸೇರಿಸಿ. ಆದರೆ ವೈದ್ಯರ ಭೇಟಿಗಳ ಸಂಖ್ಯೆಯನ್ನು ಸೇರಿಸಬೇಡಿ: ನಿದ್ರೆ ಬಾರದವರೂ ಹೋಗುತ್ತಾರೆ, ರಕ್ತದೊತ್ತಡ ಹೆಚ್ಚಿರುವವರೂ ಹೋಗುತ್ತಾರೆ, ಹೀಗೆ ಎರಡರ ಪರಿಣಾಮವಾದುದನ್ನು ಸ್ಥಿರವಾಗಿಟ್ಟರೆ ಇಲ್ಲದ ಸಂಬಂಧವೂ ಹುಟ್ಟಿಕೊಳ್ಳುತ್ತದೆ.

ಉತ್ತರ 2:
ನಿದ್ರೆಯನ್ನು ಬದಲಿಸುವ, ಆದರೆ ಮಾನಸಿಕ ಒತ್ತಡದೊಂದಿಗೆ ನಂಟಿಲ್ಲದ, ರಕ್ತದೊತ್ತಡವನ್ನು ನಿದ್ರೆಯ ಮೂಲಕವಲ್ಲದೆ ಬೇರೆ ದಾರಿಯಿಂದ ಮುಟ್ಟದ ಚರಾಂಶವೊಂದು ಸಿಕ್ಕರೆ, ಅದನ್ನು ಇನ್‌ಸ್ಟ್ರುಮೆಂಟ್ ಆಗಿ, ಅಂದರೆ ಪ್ರಯೋಗದ ಬದಲಿಗೆ ನಿಲ್ಲುವ ಸಾಧನವಾಗಿ, ಬಳಸಬಹುದು. ಅರ್ಥಶಾಸ್ತ್ರಜ್ಞ ಜೋಶುವಾ ಆಂಗ್ರಿಸ್ಟ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಯೆಟ್ನಾಂ ಯುದ್ಧಕಾಲದಲ್ಲಿ ಅಮೆರಿಕದ ಯುವಕರನ್ನು ಹುಟ್ಟಿದ ದಿನಾಂಕದ ಲಾಟರಿಯಿಂದ ಸೇನೆಗೆ ಕರೆದದ್ದನ್ನೇ ಬಳಸಿ, ಸೇನಾಸೇವೆಯು ಮುಂದಿನ ಗಳಿಕೆಯ ಮೇಲೆ ಬೀರಿದ ಪರಿಣಾಮವನ್ನು ಅಂದಾಜಿಸಿದರು. ಅಲ್ಲಿಯೂ ತಕರಾರಿಗೆ ಎಡೆಯಿದೆ: ಲಾಟರಿಯಲ್ಲಿ ಸಂಖ್ಯೆ ಬಂದವರು ಸೇನೆಯನ್ನು ತಪ್ಪಿಸಿಕೊಳ್ಳಲು ಕಾಲೇಜು ಸೇರಿದ್ದರೆ, ಆ ಓದೇ ಗಳಿಕೆಯನ್ನು ಬದಲಿಸಿರಬಹುದು. ಬೇರೆ ದಾರಿಯಿಂದ ಮುಟ್ಟಬಾರದೆಂಬ ಈ ಷರತ್ತನ್ನು ಡೇಟಾದಿಂದ ಪೂರ್ತಿಯಾಗಿ ಪರೀಕ್ಷಿಸಲಾಗದು, ವಾದದಿಂದಲೇ ಸಮರ್ಥಿಸಿಕೊಳ್ಳಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ನನ್ನ ಡೇಟಾದಲ್ಲಿ ಲಾಟರಿಯಂಥದ್ದೇನೂ ಇಲ್ಲ. ಹಾಗಾದರೆ ಕೈಚೆಲ್ಲುವುದೇ?

ಉತ್ತರ 3:
ಬೇಡ, ಪ್ರಶ್ನೆಯನ್ನು ತಿರುಗಿಸಿ ಕೇಳಿ. ಧೂಮಪಾನ ಮತ್ತು ಶ್ವಾಸಕೋಶದ ಕ್ಯಾನ್ಸರ್ ಎರಡಕ್ಕೂ ಆನುವಂಶಿಕ ಗುಣವೊಂದು ಕಾರಣವಾಗಿರಬಹುದು ಎಂದು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ವಾದಿಸಿದ್ದರು. 1959ರಲ್ಲಿ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಸಂಗಡಿಗರು ಅಂಥ ಗುಣ ಇಲ್ಲವೆಂದು ಸಾಧಿಸಹೊರಡಲಿಲ್ಲ. ಧೂಮಪಾನಿಗಳ ಅಪಾಯ ಒಂಬತ್ತು ಪಟ್ಟು ಇದ್ದು, ಅದೆಲ್ಲವೂ ಆ ಗುಣದಿಂದಲೇ ಬಂದದ್ದಾದರೆ, ಅದು ಧೂಮಪಾನಿಗಳಲ್ಲಿ ಕನಿಷ್ಠ ಒಂಬತ್ತು ಪಟ್ಟು ಹೆಚ್ಚಾಗಿ ಇರಲೇಬೇಕು ಎಂದು ತೋರಿಸಿದರು. ಅಷ್ಟು ಬಲವಾದ ಗುಣವನ್ನು ಯಾರೂ ತೋರಿಸಿಕೊಟ್ಟಿರಲಿಲ್ಲ. ನೀವೂ ಹಾಗೆಯೇ, ನಿಮ್ಮ ಅಂದಾಜನ್ನು ಶೂನ್ಯಕ್ಕಿಳಿಸಲು ಮಾನಸಿಕ ಒತ್ತಡವು ಎಷ್ಟು ಬಲವಾಗಿರಬೇಕೆಂದು ಲೆಕ್ಕಹಾಕಿ, ಅದನ್ನು ವಯಸ್ಸಿನ ಪ್ರಭಾವದೊಂದಿಗೆ ಹೋಲಿಸಿ. ವಯಸ್ಸಿನ ಅರ್ಧದಷ್ಟು ಬಲವಿದ್ದರೂ ನಿಮ್ಮ ಬಾಣ ಮಾಯವಾಗುವುದಾದರೆ, ವರದಿಯಲ್ಲಿ ಅದನ್ನು ಕಾರಣವೆಂದು ಕರೆಯದಿರುವುದೇ ಒಳ್ಳೆಯದು.