ಎರಡಡಿ ಟ್ಯಾಂಕ್‌ನಲ್ಲಿ ಎಷ್ಟು ಕೋರಿ ಮೀನು ಸಾಕಬಹುದು?

ಪ್ರಶ್ನೆ (ಕಲಬುರಗಿ, ಜೇವರ್ಗಿ ರಸ್ತೆ ಕಡೆಯ ಸದಸ್ಯರು):
ಸರ್, ನಮ್ಮ ಮನೆಯ ಟ್ಯಾಂಕ್ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಅದರಲ್ಲಿ ಎರಡು ಬಿಳಿ ಕೋರಿ (ಕೋರಿಡೋರಾಸ್ ಅನ್ನೋ ಪುಟ್ಟ ಮೀಸೆ ಮೀನು), ಒಂದು ಸಕ್ಕರ್ (ಗಾಜಿಗೆ ಬಾಯಿ ಅಂಟಿಸಿಕೊಳ್ಳುವ ಮೀನು), ಎರಡು ಪುಟ್ಟ ಶಾರ್ಕ್, ಗಂಡು ಹೆಣ್ಣು ಸೇರಿ ಆರು ಗಪ್ಪಿ ಇವೆ. ಕೋರಿಗಳು ಹಗಲೆಲ್ಲ ಫಿಲ್ಟರ್ ಹಿಂದೆ ಅಡಗಿರುತ್ತವೆ. ಅವು ಗುಂಪಲ್ಲಿದ್ದರೇ ಚೆನ್ನಾಗಿರ್ತವೆ ಅಂತಾರೆ. ಆದರೆ ಇನ್ನೂ ತಂದರೆ ಮೀನು ಜಾಸ್ತಿ ಆಗಲ್ವಾ? ತಳಕ್ಕೆ ಬಣ್ಣದ ಕಲ್ಲುಚೂರು ಹಾಕಿದ್ದೇವೆ, ಅಲಂಕಾರಕ್ಕೆ ಶಹಾಬಾದ್ ಕಲ್ಲಿನ ತುಂಡು ಜೋಡಿಸಿದ್ದೇವೆ. ನೀರು ಬೋರ್‌ವೆಲ್‌ದು.

ಉತ್ತರ:
ನಿಮ್ಮ ಟ್ಯಾಂಕ್ ಈಗಲೇ ತುಂಬಿದೆ ನಿಜ. ಆದರೆ ತುಂಬಿಸಿದ್ದು ಕೋರಿಗಳಲ್ಲ. ಮನೆ ಮನೆಗೆ ಹೋಗಿ ಟ್ಯಾಂಕ್ ನೋಡಿಕೊಳ್ಳುವುದೇ ನನ್ನ ಕೆಲಸ. ಹೋದ ಕಡೆಯೆಲ್ಲ ಇದೇ ಕಾಣುತ್ತದೆ: ಒಂದೊಂದು ಬಗೆಯದು ಒಂದೋ ಎರಡೋ. ಇದನ್ನು ತಿರುಗಿಸಿ. ಬಗೆ ಕಡಿಮೆ ಮಾಡಿ, ಒಂದೇ ಬಗೆಯ ಮೀನು ಜಾಸ್ತಿ ಇಡಿ.

ಮೊದಲು ಆ ಶಾರ್ಕ್. ಅದು ಶಾರ್ಕ್ ಅಲ್ಲ, ಪಂಗಾಸಿಯಸ್ ಅನ್ನೋ ಕ್ಯಾಟ್‌ಫಿಶ್. ಅದೂ ಗುಂಪಿನ ಮೀನೇ. ಆದರೆ ಬೆಳೆದರೆ ಒಂದು ಮೀಟರ್ ದಾಟುತ್ತದೆ. ನಿಮ್ಮ ಟ್ಯಾಂಕ್‌ನ ಉದ್ದವೇ 60 ಸೆಂಟಿಮೀಟರ್. ಸಕ್ಕರ್ ಕೂಡ ಒಂದಡಿ ಮೀರಿ ಬೆಳೆಯುತ್ತದೆ, ತಿಂದಷ್ಟೇ ಹೊಲಸೂ ಮಾಡುತ್ತದೆ. ಅಂಗಡಿಯಲ್ಲಿ ಬೆರಳುದ್ದ ಇದ್ದದ್ದನ್ನು ನೋಡಿ ಲೆಕ್ಕ ಹಾಕಬೇಡಿ, ಬೆಳೆದ ಮೇಲಿನ ಅಳತೆ ನೋಡಿ. ಈ ಮೂರನ್ನೂ ದೊಡ್ಡ ಟ್ಯಾಂಕ್ ಇರುವವರಿಗೆ ಕೊಟ್ಟುಬಿಡಿ.

ಈಗ ಲೆಕ್ಕ. ನಿಮ್ಮ ಟ್ಯಾಂಕ್ 56 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನೀರು 45 ಲೀಟರ್ ಸುಮಾರು ಉಳಿಯುತ್ತದೆ. ನಿಮ್ಮ ಬಿಳಿ ಕೋರಿ ಬ್ರಾಂಜ್ ಕೋರಿಯ ಅಲ್ಬಿನೋ, ಅಂದರೆ ಬಣ್ಣವಿಲ್ಲದ ಬಗೆ ಇರಬೇಕು, ಇಲ್ಲಿ ಜಾಸ್ತಿ ಸಿಗೋದು ಅದೇ. ಬೆಳೆದರೆ 6ರಿಂದ 7 ಸೆಂಟಿಮೀಟರ್. ಇಂಥವು ಆರು, ಮೇಲ್ಗಡೆ ಈಜಲು ಐದಾರು ಗಪ್ಪಿ. ಅಷ್ಟಕ್ಕೆ ನಿಲ್ಲಿಸಿ. ಗಪ್ಪಿ ಗಂಡು ಮಾತ್ರ ಇರಲಿ. ಹೆಣ್ಣಿದ್ದರೆ ತಿಂಗಳು ತಿಂಗಳು ಮರಿ ಹಾಕಿ ನಮ್ಮ ಲೆಕ್ಕವನ್ನೆಲ್ಲ ಕೆಡಿಸುತ್ತವೆ.

ಕೋರಿ ತಳದಲ್ಲಿ ಬದುಕುವ ಮೀನು. ಹಾಗಾಗಿ ಲೀಟರ್‌ಗಿಂತ ನೆಲದ ಜಾಗ ಮುಖ್ಯ. ಎತ್ತರದ ಕಿರಿದಾದ ಟ್ಯಾಂಕ್‌ನಲ್ಲಿ ಎಷ್ಟೇ ನೀರಿದ್ದರೂ ಅವಕ್ಕೆ ಓಡಾಡಲು ಜಾಗ ಇರಲ್ಲ.

ಇನ್ನು ನಾಲ್ಕು ತಂದಾಗ ಒಂದೇ ಸಲ ಬಿಡಬೇಡಿ. ಎರಡು ಬಿಡಿ, ಎರಡು ವಾರ ಕಾಯಿರಿ, ಆಮೇಲೆ ಇನ್ನೆರಡು. ಮೀನಿನ ಹೊಲಸಿನಿಂದ ಬರುವ ವಿಷವನ್ನು ಕಳೆಯುವ ಫಿಲ್ಟರ್‌ನ ಬ್ಯಾಕ್ಟೀರಿಯಾ ಹೊಸ ಹೊರೆಗೆ ಹೊಂದಿಕೊಳ್ಳಲು ಅಷ್ಟು ದಿನ ಬೇಕು. ನೀರು ಪರೀಕ್ಷಿಸಿದಾಗ ಅಮೋನಿಯಾ, ನೈಟ್ರೈಟ್ ಅನ್ನೋ ಆ ವಿಷ ಎರಡೂ ಸೊನ್ನೆ ತೋರಿಸಬೇಕು.

ಕಲ್ಲುಚೂರು ತೆಗೆದು ನುಣುಪಾದ ಸಣ್ಣ ಮರಳು ಹಾಕಿ. ಇದನ್ನು ಮುಂದೂಡಬೇಡಿ. ಹೋದ ವರ್ಷ ಒಂದು ಮನೆಯಲ್ಲಿ ಇಂಥದ್ದೇ ಬಣ್ಣದ ಕಲ್ಲಿನ ಟ್ಯಾಂಕ್‌ನಿಂದ ಕೋರಿಯೊಂದನ್ನು ಗಾಜಿನ ಲೋಟದಲ್ಲಿ ಎತ್ತಿ ಬೆಳಕಿಗೆ ಹಿಡಿದೆ. ಮೀಸೆ ಇರಬೇಕಾದ ಜಾಗದಲ್ಲಿ ಎರಡು ಕೆಂಪು ಮೊಂಡು ಮಾತ್ರ ಉಳಿದಿದ್ದವು. ಕಲ್ಲಿನ ಚೂಪು, ಸಂದಿಯಲ್ಲಿ ಕೊಳೆತ ಮೀನಿನ ಊಟದ ಕಾಳು, ಎರಡೂ ಸೇರಿ ತಿಂದುಹಾಕಿದ್ದವು. ಕೋರಿ ಆ ಮೀಸೆಯಿಂದಲೇ ತಡಕಿ ಊಟ ಹುಡುಕುತ್ತದೆ. ಮೀಸೆ ಇಲ್ಲದೆ ಅದು ಹೇಗೆ ಬದುಕಬೇಕು ಹೇಳಿ? ಮರಳು ಹಾಕಿಸಿದೆ, ನೀರು ಚೊಕ್ಕ ಮಾಡಿಸಿದೆ. ತಿಂಗಳುಗಳು ಕಳೆದ ಮೇಲೆ ಸ್ವಲ್ಪ ಚಿಗುರಿತು.

ಲೋಟದಲ್ಲೇ ಯಾಕೆ ಎತ್ತಿದೆ ಅಂದರೆ, ಕೋರಿಯ ಬೆನ್ನಿನ ಮತ್ತು ಪಕ್ಕದ ರೆಕ್ಕೆಗಳಲ್ಲಿ ಗಟ್ಟಿ ಮುಳ್ಳಿರುತ್ತದೆ. ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಮೀನಿಗೂ ಗಾಯ, ನಮ್ಮ ಬೆರಳಿಗೂ ಗಾಯ.

ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಅದರ ಮೇಲೆ ನಾಲ್ಕು ಹನಿ ನಿಂಬೆರಸ ಬಿಟ್ಟು ನೋಡಿ, ಸಣ್ಣಗೆ ನೊರೆ ಏಳುತ್ತದೆ. ನಮ್ಮ ಬೋರ್ ನೀರು ಮೊದಲೇ ಗಡಸು, ಅದರ ಜೊತೆ ಈ ಕಲ್ಲು ಬೇಡ. ಗಡಸು ನೀರಲ್ಲಿ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ) ಮೇಲೇ ಇರುತ್ತದೆ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಜಾಸ್ತಿ. ಬೋರ್ ನೀರು ಅರ್ಧ, ಆರ್‌ಓ ನೀರು ಅರ್ಧ ಬೆರೆಸಿ ಹಾಕಿ, ಕೋರಿಗೂ ಗಪ್ಪಿಗೂ ನಡೆಯುತ್ತದೆ. ಒಂದೇ ದಿನ ಬದಲಾಯಿಸಬೇಡಿ. ವಾರಕ್ಕೆ ಕಾಲು ಭಾಗದಷ್ಟು ನೀರು ತೆಗೆದು ಹಾಕುತ್ತಾ ಬನ್ನಿ.

ಪ್ರಶ್ನೆ (ಬೀದರ್ ಸದಸ್ಯರು):
ಕೋರಿ ಕ್ಲೀನರ್ ಮೀನು, ಬೇರೆ ಮೀನಿನ ಹೊಲಸು ತಿಂದುಕೊಂಡಿರುತ್ತದೆ, ಬೇರೆ ಊಟ ಬೇಡ ಅಂತ ಅಂಗಡಿಯಲ್ಲಿ ಹೇಳಿದರು. ನಮ್ಮದು ಒಂದಡಿಯ ಚೌಕ ಟ್ಯಾಂಕ್. ಒಂದು ಇಟ್ಟರೆ ಸಾಕಲ್ವಾ?

ಉತ್ತರ:
ದಯವಿಟ್ಟು ಈ ಮಾತು ನಂಬಬೇಡಿ. ಯಾವ ಕೋರಿಯೂ ಹೊಲಸು ತಿನ್ನುವುದಿಲ್ಲ. ಹಾಗೆ ನಂಬಿದವರ ಮನೆಯಲ್ಲಿ ಹೊಟ್ಟೆ ಒಳಗೆ ಹೋದ ಕೋರಿ ಎಷ್ಟೋ ನೋಡಿದ್ದೇನೆ, ಸಂಕಟವಾಗುತ್ತದೆ. ಮುಳುಗುವ ಕಾಳು ಹಾಕಿ. ಮೇಲಿನ ಮೀನು ಬಿಡದೆ ತಿನ್ನುತ್ತಿದ್ದರೆ ರಾತ್ರಿ ಲೈಟ್ ಆರಿಸಿದ ಮೇಲೆ ಹಾಕಿ.

ಒಂದಡಿ ಚೌಕ ಅಂದರೆ 28 ಲೀಟರ್. ಅದಕ್ಕೆ ಬ್ರಾಂಜ್ ಕೋರಿ ಬೇಡ. ಪಿಗ್ಮಿ ಕೋರಿ ಅಂತ ಇದೆ, ಎರಡೂವರೆ ಸೆಂಟಿಮೀಟರ್ ಅಷ್ಟೇ. ಅದು ಸಿಕ್ಕರೆ ಆರೆಂಟು ಸಾಕಿ, ಜೊತೆಗೆ ಬೇರೇನೂ ಬೇಡ. ಸಿಗದಿದ್ದರೆ ಒಂದನ್ನೇ ತಂದು ಒಂಟಿ ಮಾಡಬೇಡಿ.

ಪ್ರಶ್ನೆ (ಯಾದಗಿರಿ ಸದಸ್ಯರು):
ನಮ್ಮ ಕೋರಿ ಇದ್ದಕ್ಕಿದ್ದಂತೆ ಬಾಣದ ಹಾಗೆ ಮೇಲೆ ಹೋಗಿ ಕೆಳಗೆ ಬರುತ್ತದೆ. ರೋಗವೇ? ಬೇಸಿಗೆಯಲ್ಲಿ ಏನು ಮಾಡಬೇಕು? ಸಕ್ಕರ್ ಬೇಡವಾದರೆ ಊರ ಕೆರೆಗೆ ಬಿಡಬಹುದಾ?

ಉತ್ತರ:
ಅವಾಗೊಮ್ಮೆ ಇವಾಗೊಮ್ಮೆ ಹೋದರೆ ರೋಗ ಅಲ್ಲ. ಕೋರಿ ಮೇಲಿನ ಗಾಳಿಯನ್ನು ನುಂಗಿ ಕರುಳಿನಲ್ಲೂ ಉಸಿರಾಡುತ್ತದೆ. ನಿಮಿಷ ನಿಮಿಷಕ್ಕೂ ಹೋಗುತ್ತಿದ್ದರೆ ಮಾತ್ರ ನೀರು ಕೆಟ್ಟಿದೆ ಅಥವಾ ಆಮ್ಲಜನಕ ಸಾಲುತ್ತಿಲ್ಲ ಅಂತ. ತಕ್ಷಣ ಸ್ವಲ್ಪ ನೀರು ಬದಲಿಸಿ, ಗಾಳಿ ಪಂಪ್ ಹಚ್ಚಿ.

ಬೇಸಿಗೆ ನಮ್ಮ ಕಡೆಯ ದೊಡ್ಡ ಕಷ್ಟ. ಹೊರಗೆ 42 ಡಿಗ್ರಿ ಇದ್ದಾಗ ಟ್ಯಾಂಕ್ ನೀರು 32 ಮುಟ್ಟುತ್ತದೆ. ಕೋರಿಗೆ 22ರಿಂದ 26 ಹಿತ. ಬಿಸಿ ನೀರಲ್ಲಿ ಆಮ್ಲಜನಕವೂ ಕಡಿಮೆ, ಹಾಗಾಗಿ ಮಳೆಗಾಲದಲ್ಲಿ ಸರಿಹೋಗುವ ಮೀನಿನ ಸಂಖ್ಯೆ ಮೇ ತಿಂಗಳಲ್ಲಿ ಜಾಸ್ತಿಯಾಗುತ್ತದೆ. ಮುಚ್ಚಳ ತೆಗೆದು ಬಲೆ ಹೊದಿಸಿ, ನೀರಿನ ಮೇಲೆ ಸಣ್ಣ ಫ್ಯಾನ್ ಬಿಡಿ. ನಮ್ಮದು ಒಣ ಹವೆ, ನೀರು ಬೇಗ ಆರುತ್ತದೆ, ಎರಡು ಮೂರು ಡಿಗ್ರಿ ಇಳಿಯುತ್ತದೆ. ಆರಿದಷ್ಟು ನೀರನ್ನು ಆರ್‌ಓ ನೀರಿನಿಂದಲೇ ತುಂಬಿ. ಬೋರ್ ನೀರು ತುಂಬುತ್ತಾ ಹೋದರೆ ಸುಣ್ಣ ಉಳಿದು ಗಡಸು ಏರುತ್ತಲೇ ಇರುತ್ತದೆ. ಐಸ್ ಹಾಕಬೇಡಿ. ಕರೆಂಟ್ ಹೋಗುವ ಊರು ನಿಮ್ಮದಾದರೆ ಬ್ಯಾಟರಿ ಗಾಳಿ ಪಂಪ್ ಒಂದು ಇರಲಿ.

ಕೆರೆಗೆ ಮಾತ್ರ ಬಿಡಲೇಬೇಡಿ. ಸಕ್ಕರ್ ದಕ್ಷಿಣ ಅಮೆರಿಕದ ಮೀನು. ಆಂಧ್ರದ ಮೀನು ಹೊಂಡಗಳಿಗೆ ಸೇರಿಕೊಂಡು ಅಲ್ಲಿಯವರ ಬಲೆ ಹರಿಯುತ್ತಿದೆ. ಅಂಗಡಿಗೇ ವಾಪಸ್ ಕೊಡಿ, ದುಡ್ಡು ಬರದಿದ್ದರೂ ಪರವಾಗಿಲ್ಲ.

ಮೊದಲು ಕೇಳಿದ ಸದಸ್ಯರು (ಮೂರು ತಿಂಗಳ ನಂತರ):
ಸರ್, ಶಾರ್ಕ್, ಸಕ್ಕರ್ ಕೊಟ್ಟೆವು. ಮರಳು ಹಾಕಿದೆವು. ಈಗ ಆರು ಕೋರಿ. ಹಗಲೆಲ್ಲ ಹೊರಗೇ ಇರುತ್ತವೆ, ಸಾಲಾಗಿ ಕೂತು ಕಣ್ಣು ಹೊಡೆದ ಹಾಗೆ ಮಾಡುತ್ತವೆ, ಮಗಳು ಅಲ್ಲೇ ಕೂತುಬಿಡ್ತಾಳೆ. ಮೊನ್ನೆ ಮಳೆ ಬಂದು ತಂಪಾದ ದಿನ ನೀರು ಬದಲಿಸಿದೆ. ಬೆಳಿಗ್ಗೆ ನೋಡಿದರೆ ಗಾಜಿನ ಮೇಲೆ ಸಾಬುದಾಣಿ ಅಂಟಿದ ಹಾಗೆ ಏನೋ ಇದೆ.

ಉತ್ತರ:
ಮೊಟ್ಟೆ! ತುಂಬಾ ಖುಷಿಯಾಯಿತು. ತಂಪು ನೀರು ಬಿದ್ದರೆ ಮಳೆ ಬಂತು ಅಂತ ತಿಳಿದು ಇಡುತ್ತವೆ. ಅಲ್ಲೇ ಬಿಟ್ಟರೆ ಬಹುತೇಕ ಅವೇ ತಿಂದುಬಿಡುತ್ತವೆ. ಮರಿ ನೋಡುವ ಆಸೆ ಇದ್ದರೆ ಬೆರಳಿನಿಂದ ಮೆಲ್ಲಗೆ ಉರುಳಿಸಿ ನಾಲ್ಕೈದನ್ನು ಮಾತ್ರ ತೆಗೆದು, ಅದೇ ಟ್ಯಾಂಕ್‌ನ ನೀರಿರುವ ಡಬ್ಬಿಯಲ್ಲಿ ಗಾಳಿ ಪಂಪ್ ಹಚ್ಚಿ ಇಡಿ. ಮೂರರಿಂದ ಐದು ದಿನಕ್ಕೆ ಮರಿ ಬರುತ್ತವೆ. ಉಳಿದದ್ದನ್ನು ಗಾಜಿನ ಮೇಲೇ ಬಿಡಿ. ಮರಿಗಳು ಬೆಳೆದ ಮೇಲೆ ಯಾರಿಗೆ ಕೊಡುತ್ತೀರಿ ಅಂತ ಈಗಲೇ ಒಂದು ಮನೆ ನೋಡಿಟ್ಟುಕೊಳ್ಳಿ.