ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಶಾಂತ, ಮುಚ್ಚಿದರೆ ಫ್ಯಾನ್ ಅಬ್ಬರ: ಮನೆಯ ಕಂಪ್ಯೂಟರ್ ನಿಧಾನವಾಗಿದೆ, ಪರಿಹಾರ ತಿಳಿಸಿ

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಈ ಬೇಸಿಗೆಯಲ್ಲಿ ವಿಪರೀತ ನಿಧಾನವಾಗಿದೆ. ಇಂಟೆಲ್ ಕೋರ್ ಐ5 ನಾಲ್ಕನೆಯ ತಲೆಮಾರಿನ ಪ್ರೊಸೆಸರ್ (ನಾಲ್ಕು ಕೋರ್, 3.2 ಗಿಗಾಹರ್ಟ್ಸ್), 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10 ಇದೆ. ಮಗಳು ಸ್ಪರ್ಧಾತ್ಮಕ ಪರೀಕ್ಷೆಯ ಪಾಠಗಳನ್ನು ಇದರಲ್ಲೇ ನೋಡುತ್ತಾಳೆ, ನಾನು ತೊಗರಿ ವ್ಯಾಪಾರದ ಲೆಕ್ಕವನ್ನು ಇದರಲ್ಲೇ ಇಡುತ್ತೇನೆ. ಬೆಳಿಗ್ಗೆ ಹೇಗೋ ಕೆಲಸ ಸಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ವಿಡಿಯೊ ತಡವರಿಸುತ್ತದೆ, ಎಕ್ಸೆಲ್ ಹಾಳೆಯಲ್ಲಿ ಒಂದು ಸಂಖ್ಯೆ ಬರೆದರೆ ಅದು ಮೂಡಲು ಕಾಯಬೇಕಾಗುತ್ತದೆ. ಯಾವ ಪ್ರೋಗ್ರಾಮೂ ತೆರೆದಿಲ್ಲದಾಗಲೂ ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ.

ಯಾವ ಪ್ರೋಗ್ರಾಮ್ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಾಗ ಸಿಪಿಯು (ಪ್ರೊಸೆಸರ್) ಬಳಕೆ ಮೊದಲು 100% ಎಂದು ತೋರಿಸಿ ಕ್ಷಣದಲ್ಲೇ 5%ಕ್ಕೆ ಇಳಿಯುತ್ತದೆ. ಹೀಗಾಗಿ ಯಾವ ಪ್ರೋಗ್ರಾಮ್ ಕಾರಣವೆಂದು ಗೊತ್ತಾಗುತ್ತಿಲ್ಲ. ಸೂಪರ್ ಮಾರ್ಕೆಟ್ ಕಡೆಯ ರಿಪೇರಿ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಫಾರ್ಮ್ಯಾಟ್ ಮಾಡಿ ರ‍್ಯಾಮ್ ಹೆಚ್ಚಿಸಬೇಕು, ಆದರೂ ಸರಿಹೋಗದಿದ್ದರೆ ಹೊಸ ಕಂಪ್ಯೂಟರ್ ಕೊಳ್ಳುವುದು ಒಳ್ಳೆಯದು ಎಂದರು. ಖರ್ಚು ಮಾಡುವ ಮೊದಲು ತಿಳಿದವರ ಅಭಿಪ್ರಾಯ ಬೇಕಾಗಿದೆ.

ಉತ್ತರ (ಬೀದರ್)

ನಮಸ್ಕಾರ ಸರ್. ಸದ್ಯಕ್ಕೆ ಫಾರ್ಮ್ಯಾಟ್ ಮಾಡಿಸಬೇಡಿ, ರ‍್ಯಾಮ್ ಕೊಳ್ಳಬೇಡಿ. ರ‍್ಯಾಮ್ ಸಾಲದೆ ನಿಧಾನವಾಗುವ ಯಂತ್ರದಲ್ಲಿ ಮೆಮೊರಿ ಬಳಕೆ 90% ದಾಟಿ, ಹಾರ್ಡ್ ಡಿಸ್ಕಿನ ಬಳಕೆ 100%ಕ್ಕೆ ಅಂಟಿಕೊಂಡಿರುತ್ತದೆ. ಪ್ರೊಸೆಸರ್ ಆಗ ಬಹುಪಾಲು ಬಿಡುವಾಗಿಯೇ ಇರುತ್ತದೆ. ನೀವು ಹೇಳುತ್ತಿರುವ ಲಕ್ಷಣ ಬೇರೆ.

ನಿಮ್ಮ ಬರಹದಲ್ಲಿ ಎರಡು ಸುಳಿವುಗಳಿವೆ, ಎರಡನ್ನೂ ಬೇರೆಬೇರೆಯಾಗಿಯೇ ನೋಡಬೇಕು. ಮೊದಲನೆಯದು ಟಾಸ್ಕ್ ಮ್ಯಾನೇಜರ್ ತೆರೆದೊಡನೆ ಬಳಕೆ ಇಳಿಯುವುದು. ಟಾಸ್ಕ್ ಮ್ಯಾನೇಜರ್ ತಾನು ಆರಂಭವಾಗುವಾಗಲೂ ಒಂದಷ್ಟು ಪ್ರೊಸೆಸರ್ ಬಳಸಿಕೊಳ್ಳುತ್ತದೆಯಾದ್ದರಿಂದ, ಮೊದಲ ಒಂದೆರಡು ಸೆಕೆಂಡು ಸಂಖ್ಯೆ ಏರಿ ಇಳಿದರೆ ಅದಷ್ಟೇ ಅನುಮಾನಕ್ಕೆ ಕಾರಣವಾಗದು. ಆದರೆ ಅದನ್ನು ತೆರೆದಿಟ್ಟಾಗ ಫ್ಯಾನಿನ ಸದ್ದೂ ಅಡಗಿ, ಮುಚ್ಚಿದ ಮೇಲೆ ಮತ್ತೆ ಏರಿದರೆ, ಒಳಗಿರುವ ಯಾವುದೋ ಪ್ರೋಗ್ರಾಮ್ ತನ್ನನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಗಮನಿಸುತ್ತಿದೆ ಎಂದೇ ತಿಳಿಯಬೇಕು. ಎರಡನೆಯದು ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಇರುವ ವ್ಯತ್ಯಾಸ. ಅದು ಬಿಸಿಯ ಸುಳಿವು.

ದಯವಿಟ್ಟು ಹೀಗೆ ಮಾಡಿ. ಸ್ಟಾರ್ಟ್ ಮೆನುವಿನಲ್ಲಿ ಶಟ್ ಡೌನ್ ಬದಲು ರೀಸ್ಟಾರ್ಟ್ ಆರಿಸಿ. ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಇರುವುದರಿಂದ, ಶಟ್ ಡೌನ್ ಮಾಡಿದಾಗ ವಿಂಡೋಸಿನ ಒಳತಿರುಳು ಡಿಸ್ಕಿನಲ್ಲಿ ಉಳಿದುಕೊಂಡು ಮರುದಿನ ಹಾಗೆಯೇ ಎದ್ದು ಬರುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ಅನಂತರ ಎಚ್‌ಡಬ್ಲ್ಯುಇನ್‌ಫೋ ಎಂಬ ಉಚಿತ ಸಾಧನದ ಪೋರ್ಟಬಲ್ (ಇನ್‌ಸ್ಟಾಲ್ ಮಾಡದೆ ನಡೆಸಬಹುದಾದ) ಆವೃತ್ತಿಯನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ಸೆನ್ಸರ್ಸ್ ಓನ್ಲಿ ಎಂಬುದನ್ನು ಆರಿಸಿ ತೆರೆಯಿರಿ. ಅದರಲ್ಲಿ ಪ್ರೊಸೆಸರಿನ ಒಟ್ಟು ಬಳಕೆ, ಕೋರ್‌ಗಳ ಬಿಸಿ, ಆ ಕ್ಷಣದ ವೇಗ, ಮತ್ತು ಥರ್ಮಲ್ ಥ್ರಾಟ್ಲಿಂಗ್ (ಬಿಸಿ ಮಿತಿಮೀರಿದಾಗ ಪ್ರೊಸೆಸರ್ ತನ್ನ ವೇಗ ಇಳಿಸಿಕೊಳ್ಳುವುದು) ಎಂಬಲ್ಲಿ ಯೆಸ್ ಇದೆಯೋ ನೋ ಇದೆಯೋ ಎಂಬುದನ್ನು ಬರೆದುಕೊಳ್ಳಿ. ಒಮ್ಮೆ ಟಾಸ್ಕ್ ಮ್ಯಾನೇಜರ್ ಮುಚ್ಚಿ ನೋಡಿ, ಒಮ್ಮೆ ತೆರೆದಿಟ್ಟು ನೋಡಿ. ಬೆಳಿಗ್ಗೆಯೂ ನೋಡಿ, ಮಧ್ಯಾಹ್ನವೂ ನೋಡಿ. ಕಂಪ್ಯೂಟರನ್ನು ಎಲ್ಲಿ ಇಟ್ಟಿದ್ದೀರಿ ಎಂಬುದನ್ನೂ ತಿಳಿಸಿ.

ಪ್ರಶ್ನೆ ಕೇಳಿದವರು (ಕಲಬುರಗಿ)

ತಾವು ಹೇಳಿದಂತೆ ನೋಡಿದೆ. ಟಾಸ್ಕ್ ಮ್ಯಾನೇಜರ್ ಮುಚ್ಚಿದ್ದಾಗ, ಯಾವ ಕೆಲಸವೂ ಇಲ್ಲದೆ, ಬಳಕೆ 100% ಇದೆ. ಮಧ್ಯಾಹ್ನ ಬಿಸಿ 99 ಡಿಗ್ರಿ, ವೇಗ 1.9 ಗಿಗಾಹರ್ಟ್ಸ್, ಥರ್ಮಲ್ ಥ್ರಾಟ್ಲಿಂಗ್ ಮುಂದೆ ಯೆಸ್ ಎಂದು ಕೆಂಪಕ್ಷರದಲ್ಲಿದೆ. ಬೆಳಿಗ್ಗೆ ಬಿಸಿ 87 ಡಿಗ್ರಿ, ವೇಗ 3.2ರ ಮೇಲೆಯೇ ಇತ್ತು. ಟಾಸ್ಕ್ ಮ್ಯಾನೇಜರ್ ತೆರೆದೊಡನೆ ಬಳಕೆ 4%ಕ್ಕೆ ಇಳಿದು, ಫ್ಯಾನಿನ ಸದ್ದೂ ನಿಧಾನವಾಗಿ ಅಡಗುತ್ತದೆ. ಕಂಪ್ಯೂಟರ್ ಟೇಬಲ್ಲಿನ ಕೆಳಗಿನ ಖಾನೆಯಲ್ಲಿ ಕ್ಯಾಬಿನೆಟ್ ಇದೆ, ಬೆನ್ನು ಗೋಡೆಗೆ ತಾಗಿದೆ. ಪಕ್ಕದಲ್ಲಿ ನೀರಿನ ಕೂಲರ್ ಇಟ್ಟಿದ್ದೇವೆ, ಅದರ ಗಾಳಿ ಕ್ಯಾಬಿನೆಟ್ಟಿಗೂ ತಂಪು ಕೊಡಲೆಂದು ಆ ಕಡೆಗೇ ತಿರುಗಿಸಿದ್ದೇವೆ.

ಉತ್ತರ (ಬೀದರ್)

ಚಿತ್ರ ಈಗ ಸ್ಪಷ್ಟವಾಯಿತು. ನಿಮ್ಮ ಪ್ರೊಸೆಸರನ್ನು ಬೇರೆ ಯಾರೋ ದುಡಿಸಿಕೊಳ್ಳುತ್ತಿದ್ದಾರೆ. ಇದು ಕ್ರಿಪ್ಟೊ ಹಣದ ಗಣಿಗಾರಿಕೆ ಮಾಡುವ ಪ್ರೋಗ್ರಾಮ್ ಆಗಿರುವ ಸಾಧ್ಯತೆಯೇ ಹೆಚ್ಚು. ಇಂಥವು ಕಡತಗಳನ್ನು ಅಳಿಸುವುದಿಲ್ಲ, ಹಣಕ್ಕಾಗಿ ಬೆದರಿಸುವುದಿಲ್ಲ. ನಿಮ್ಮ ವಿದ್ಯುತ್ತನ್ನೂ ಪ್ರೊಸೆಸರನ್ನೂ ಬಳಸಿ ಮೊನೆರೊ ಮೊದಲಾದ ನಾಣ್ಯಗಳಿಗೆ ಬೇಕಾದ ಲೆಕ್ಕವನ್ನು ಮಾಡಿ, ಫಲವನ್ನು ತಮ್ಮ ಯಜಮಾನನಿಗೆ ಕಳುಹಿಸುತ್ತವೆ. ಮೊನೆರೊದ ಲೆಕ್ಕಕ್ಕೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಡ, ಸಾಮಾನ್ಯ ಪ್ರೊಸೆಸರ್ ಸಾಕು. ಆದ್ದರಿಂದಲೇ ಮನೆಯ ಕಂಪ್ಯೂಟರುಗಳು ಇವುಗಳ ಗುರಿಯಾಗುತ್ತವೆ. ಮಾಲೀಕರಿಗೆ ಗೊತ್ತಾಗದಷ್ಟು ದಿನ ಲಾಭವಾದ್ದರಿಂದ, ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಕೆಲಸ ನಿಲ್ಲಿಸಿ ಸುಮ್ಮನಾಗುತ್ತವೆ.

ಮೊದಲು ಇಂಟರ್ನೆಟ್ ಸಂಪರ್ಕವನ್ನು ತೆಗೆಯಿರಿ. ನಂತರ ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ವಿಭಾಗದ ಸೆಟ್ಟಿಂಗ್ಸ್ ತೆರೆದು, ಎಕ್ಸ್‌ಕ್ಲೂಷನ್ಸ್ ಎಂಬ ಪಟ್ಟಿಯನ್ನು ನೋಡಿ. ಹೆಚ್ಚಿನವರು ಈ ಪಟ್ಟಿಯನ್ನು ನೋಡುವುದೇ ಇಲ್ಲ. ಇಲ್ಲಿ ಬರೆದಿರುವ ಜಾಗಗಳನ್ನು ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್ ತಪಾಸಣೆ ಮಾಡುವುದಿಲ್ಲ. ಒಳಹೊಕ್ಕ ದುಷ್ಟ ಪ್ರೋಗ್ರಾಮ್ ಮೊದಲು ಮಾಡುವ ಕೆಲಸವೇ ತನ್ನ ಫೋಲ್ಡರನ್ನು, ಕೆಲವೊಮ್ಮೆ ಇಡೀ ಸಿ ಡ್ರೈವನ್ನು, ಇಲ್ಲಿ ಸೇರಿಸುವುದು. ಆಮೇಲೆ ಎಷ್ಟು ಸಲ ಸ್ಕ್ಯಾನ್ ಮಾಡಿದರೂ ಎಲ್ಲವೂ ಸರಿಯಿದೆ ಎಂದೇ ಉತ್ತರ ಬರುತ್ತದೆ. ನೀವು ಸೇರಿಸದೆ ಇರುವುದೆಲ್ಲವನ್ನೂ ಅಲ್ಲಿಂದ ತೆಗೆದುಹಾಕಿ.

ಮುಂದೆ ಟಾಸ್ಕ್ ಶೆಡ್ಯೂಲರ್ ತೆರೆಯಿರಿ. ಕಂಪ್ಯೂಟರ್ ಆರಂಭವಾದಾಗ ಅಥವಾ ಬಿಡುವಾಗಿದ್ದಾಗ ಪ್ರೋಗ್ರಾಮನ್ನು ಎಬ್ಬಿಸುವ ಆದೇಶಗಳು ಅಲ್ಲಿರುತ್ತವೆ. ಹೆಸರು ನೋಡಿ ಮೋಸ ಹೋಗಬೇಡಿ, ಏಕೆಂದರೆ ವಿಂಡೋಸ್ ಅಥವಾ ಗೂಗಲ್ ಅಪ್‌ಡೇಟ್ ಎಂದು ಯಾರು ಬೇಕಾದರೂ ಹೆಸರಿಡಬಹುದು. ಆಕ್ಷನ್ಸ್ ಎಂಬಲ್ಲಿ ಅದು ಯಾವ ಕಡತವನ್ನು ತೆರೆಯುತ್ತದೆ ಎಂಬುದನ್ನು ಓದಿ. ಉದಾಹರಣೆಗೆ, ಎಸ್‌ವಿಸಿಹೋಸ್ಟ್ ಎಂಬ ಕಡತವು ವಿಂಡೋಸಿನದೇ ಆಗಿದ್ದರೆ ಸಾಮಾನ್ಯವಾಗಿ ವಿಂಡೋಸ್ ಫೋಲ್ಡರಿನ ಸಿಸ್ಟಮ್32ರಲ್ಲಿ ಇರುತ್ತದೆ. ಅದೇ ಹೆಸರಿನ ಕಡತ ಆಪ್‌ಡೇಟಾ ಅಥವಾ ಪ್ರೋಗ್ರಾಮ್‌ಡೇಟಾದೊಳಗೆ ಕುಳಿತಿದ್ದರೆ ಅದು ವೇಷಧಾರಿ. ಕಡತ ಸಿಕ್ಕಿದರೆ ಅದು ಸೃಷ್ಟಿಯಾದ ದಿನಾಂಕವನ್ನು ಗುರುತು ಹಾಕಿಕೊಂಡು, ಆ ದಿನ ಏನನ್ನು ಇಳಿಸಿಕೊಂಡಿದ್ದೀರಿ ಎಂದು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ನೋಡಿ.

ಇದಾದ ಮೇಲೆ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ವಿಂಡೋಸ್ ಏಳುವ ಮೊದಲೇ ತಪಾಸಣೆ ನಡೆಯುವುದರಿಂದ ಅಡಗಿಕೊಳ್ಳುವವರಿಗೆ ಅವಕಾಶವಿರುವುದಿಲ್ಲ. ಸುಮಾರು ಕಾಲು ಗಂಟೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋಗದಂತೆ ಯುಪಿಎಸ್ ಇರಲಿ. ಇನ್ನೊಂದು ಆಂಟಿವೈರಸ್ಸನ್ನು ಇದರ ಜೊತೆಗೆ ಹಾಕಬೇಡಿ. ಎರಡು ಕಾವಲುಗಾರರು ಪ್ರತಿ ಕಡತವನ್ನೂ ಎರಡು ಸಲ ತೆರೆದು ನೋಡಿದರೆ ನಿಧಾನ ಇನ್ನಷ್ಟು ಹೆಚ್ಚುತ್ತದೆ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ, ಭಾರತ ಸರ್ಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಉಚಿತ ಶುದ್ಧೀಕರಣ ಸಾಧನಗಳು ದೊರೆಯುತ್ತವೆ.

ಇದೇ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಮಾಡಿದ್ದರೆ, ಪಾಸ್‌ವರ್ಡುಗಳನ್ನು ಇಂದೇ ಬದಲಾಯಿಸಿ, ಆದರೆ ಮೊಬೈಲಿನಿಂದ ಬದಲಾಯಿಸಿ. ಗಣಿಗಾರಿಕೆಯ ಪ್ರೋಗ್ರಾಮಿನ ಜೊತೆಯಲ್ಲಿ ಬ್ರೌಸರಿನ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮೂ ಒಂದೇ ಗಂಟಿನಲ್ಲಿ ಬರುವುದು ಅಪರೂಪವಲ್ಲ.

ಪ್ರತಿಕ್ರಿಯೆ (ಯಾದಗಿರಿ)

ನನ್ನ ಲ್ಯಾಪ್‌ಟಾಪಿನಲ್ಲೂ ನಿಧಾನ ಇದೇ ರೀತಿ ಇದೆ, ಆದರೆ ಬಿಸಿ 50 ಡಿಗ್ರಿ ದಾಟುವುದಿಲ್ಲ, ವೇಗ ಮಾತ್ರ 0.8 ಗಿಗಾಹರ್ಟ್ಸಿಗೆ ನಿಂತುಬಿಟ್ಟಿದೆ. ಚಾರ್ಜರ್ ಬದಲಾಯಿಸಿದ ಮೇಲೆ ಹೀಗಾಗಿದೆ. ಇಲ್ಲೂ ಗಣಿಗಾರಿಕೆಯೇ ಕಾರಣವೇ?

ಉತ್ತರ (ಬೀದರ್)

ಅಲ್ಲ. ಬಿಸಿಯಿಲ್ಲದೆ ವೇಗ ಅಷ್ಟು ಕೆಳಗೆ ನಿಂತಿದೆ ಎಂದರೆ ಮೊದಲು ಚಾರ್ಜರನ್ನೇ ಅನುಮಾನಿಸಬೇಕು. ಚಾರ್ಜರ್ ತನ್ನದೇ ಎಂದು ಗುರುತಿಸಲಾಗದಿದ್ದರೆ ಅಥವಾ ಅದರ ವ್ಯಾಟ್ ಸಾಮರ್ಥ್ಯ ಕಡಿಮೆಯಾದರೆ, ಕೆಲವು ಲ್ಯಾಪ್‌ಟಾಪುಗಳು ಪ್ರೊಸೆಸರಿನ ವೇಗವನ್ನು ತಾವೇ ಕಟ್ಟಿಹಾಕುತ್ತವೆ. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ ನೋಡಿ. ವೇಗ ಮರಳಿದರೆ ಲ್ಯಾಪ್‌ಟಾಪಿಗೆ ಬೇಕಾದಷ್ಟು ವ್ಯಾಟ್‌ನ ಮೂಲ ಚಾರ್ಜರ್ ತರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು (ಕಲಬುರಗಿ)

ಎಕ್ಸ್‌ಕ್ಲೂಷನ್ಸ್ ಪಟ್ಟಿಯಲ್ಲಿ ನಿಜವಾಗಿಯೂ ಇಡೀ ಸಿ ಡ್ರೈವ್ ಇತ್ತು. ತೆಗೆದುಹಾಕಿದೆ. ಟಾಸ್ಕ್ ಶೆಡ್ಯೂಲರಿನಲ್ಲಿ ಅಪ್‌ಡೇಟ್ ಎಂಬ ಹೆಸರಿನ ಆದೇಶವೊಂದು ಪ್ರೋಗ್ರಾಮ್‌ಡೇಟಾದ ಕಡತವನ್ನು ತೆರೆಯುತ್ತಿತ್ತು. ಅದೇ ದಿನಾಂಕದಲ್ಲಿ ವಿಡಿಯೊ ಪರಿವರ್ತಿಸುವ ಉಚಿತ ಸಾಫ್ಟ್‌ವೇರ್ ಒಂದು ಡೌನ್‌ಲೋಡ್ ಆಗಿದೆ. ಆಫ್‌ಲೈನ್ ಸ್ಕ್ಯಾನ್ ಅದನ್ನು ಗಣಿಗಾರಿಕೆಯ ಪ್ರೋಗ್ರಾಮ್ ಎಂದೇ ಗುರುತಿಸಿ ತೆಗೆಯಿತು. ಪಾಸ್‌ವರ್ಡುಗಳನ್ನು ಮೊಬೈಲಿನಿಂದ ಬದಲಾಯಿಸಿದ್ದೇವೆ. ಈಗ ಸುಮ್ಮನಿದ್ದಾಗ ಬಳಕೆ 3% ಮಾತ್ರ. ಆದರೆ ಮಧ್ಯಾಹ್ನ ವಿಡಿಯೊ ಜೊತೆಗೆ ಎಕ್ಸೆಲ್ ತೆರೆದರೆ ಬಿಸಿ ಈಗಲೂ 94ಕ್ಕೆ ಹೋಗುತ್ತದೆ.

ಉತ್ತರ (ಬೀದರ್)

ಕಳ್ಳ ಹೋದ, ಧೂಳು ಉಳಿದಿದೆ. ಪ್ರೊಸೆಸರ್ ಎಷ್ಟೇ ಬಿಸಿಯಾದರೂ ಅದರ ಬಿಸಿ ಕೋಣೆಯ ಗಾಳಿಗೇ ಹೋಗಬೇಕು. ಒಂದೇ ಪ್ರಮಾಣದ ಕೆಲಸಕ್ಕೆ ಕೋಣೆ 10 ಡಿಗ್ರಿ ಹೆಚ್ಚು ಬಿಸಿಯಾದರೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚು ಬಿಸಿಯಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿಯ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ 87 ಡಿಗ್ರಿಯಲ್ಲಿ ನಡೆಯುತ್ತಿದ್ದ ಯಂತ್ರ ಮಧ್ಯಾಹ್ನ 100ರ ಹತ್ತಿರ ಹೋಗಿ, ಸುಟ್ಟುಹೋಗದಿರಲು ತನ್ನ ವೇಗವನ್ನು ತಾನೇ ಇಳಿಸಿಕೊಂಡಿದ್ದು ಹಾಗಾಗಿ. ಬೀದರ್ ನಿಮಗಿಂತ ಎತ್ತರದಲ್ಲಿದ್ದು ಕೊಂಚ ತಂಪಾಗಿದ್ದರೂ, ಇಲ್ಲಿಯ ಕೆಂಪು ಮಣ್ಣಿನ ಧೂಳು ಕ್ಯಾಬಿನೆಟ್ಟುಗಳಿಗೆ ಮಾಡುವುದು ನಿಮ್ಮ ಎರೆಮಣ್ಣಿನ ಧೂಳು ಮಾಡುವುದನ್ನೇ.

ಕೂಲರಿನ ಗಾಳಿಯನ್ನು ಕ್ಯಾಬಿನೆಟ್ಟಿನ ಕಡೆಯಿಂದ ಇಂದೇ ತಿರುಗಿಸಿಬಿಡಿ. ಉದ್ದೇಶ ಒಳ್ಳೆಯದೇ, ಆದರೆ ಆ ಗಾಳಿಯಲ್ಲಿ ತೇವ ಇರುತ್ತದೆ. ಒಣ ಧೂಳಾದರೆ ಊದಿದರೆ ಹೋಗುತ್ತದೆ, ತೇವ ತಾಗಿದ ಧೂಳು ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕಿನ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಗಟ್ಟಿಯಾಗಿ ಕೂರುತ್ತದೆ. ಮದರ್‌ಬೋರ್ಡಿನ ಸಂಪರ್ಕಗಳಿಗೂ ತೇವ ಒಳ್ಳೆಯದಲ್ಲ. ಕ್ಯಾಬಿನೆಟ್ಟನ್ನು ಖಾನೆಯಿಂದ ಹೊರತೆಗೆದು, ಬೆನ್ನಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗ ಬಿಡಿ. ಬಿಸಿ ಗಾಳಿ ಹೊರಹೋಗುವ ದಾರಿ ಅದೇ.

ಶುಚಿ ಮಾಡುವಾಗ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಕ್ಷಣ ಒತ್ತಿ ಉಳಿದ ವಿದ್ಯುತ್ತನ್ನು ಕಳೆಯಿರಿ. ಬ್ಲೋವರಿನಿಂದ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಇಂಟೆಲ್ ಪ್ರೊಸೆಸರಿನ ಜೊತೆಗೆ ಬರುವ ಕೂಲರಿಗೆ (ಹೀಟ್‌ಸಿಂಕ್ ಮತ್ತು ಅದರ ಫ್ಯಾನ್) ನಾಲ್ಕು ಮೂಲೆಯಲ್ಲಿ ಪ್ಲಾಸ್ಟಿಕ್ ಪಿನ್ನುಗಳಿವೆ. ಅವನ್ನು ತಿರುಗಿಸಿ ಎತ್ತಿದರೆ ಹೀಟ್‌ಸಿಂಕ್ ಬಿಡುಗಡೆಯಾಗುತ್ತದೆ. ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ, ಈಗ ಒಣಗಿರುವ ಹಳೆಯ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹೊಸದನ್ನು ಪ್ರೊಸೆಸರಿನ ಮೇಲೆ ನಟ್ಟನಡುವೆ ತೊಗರಿ ಕಾಳಿನಷ್ಟು ಇಡಿ. ಹೆಚ್ಚು ಹಚ್ಚಿದರೆ ಹೆಚ್ಚು ತಂಪಾಗುವುದಿಲ್ಲ. ಪಿನ್ನುಗಳನ್ನು ಎದುರುಬದುರು ಮೂಲೆಗಳಿಂದ ಒತ್ತುತ್ತಾ ಬನ್ನಿ, ನಾಲ್ಕೂ ಕಡೆ ಟಕ್ ಎಂಬ ಸದ್ದು ಬರಬೇಕು. ಒಂದು ಪಿನ್ ಸಡಿಲವಾಗಿದ್ದರೂ ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ. ಕೈ ನಡುಗುತ್ತದೆ ಎನಿಸಿದರೆ ಈ ಕೆಲಸವೊಂದನ್ನು ಅಂಗಡಿಯಲ್ಲಿ ಮಾಡಿಸಿ.

ಪ್ರಶ್ನೆ ಕೇಳಿದವರು (ಕಲಬುರಗಿ)

ಧೂಳು ತೆಗೆದು ಪೇಸ್ಟ್ ಬದಲಾಯಿಸಿದ ಮೇಲೆ, ಮಧ್ಯಾಹ್ನದ ಅದೇ ಕೆಲಸಕ್ಕೆ ಬಿಸಿ 71 ಡಿಗ್ರಿ, ಥ್ರಾಟ್ಲಿಂಗ್ ಮುಂದೆ ನೋ ಎಂದಿದೆ. ಬಹಳ ಉಪಕಾರವಾಯಿತು. ಆದರೂ ಕಂಪ್ಯೂಟರ್ ಆರಂಭವಾಗಲು ತುಂಬ ಹೊತ್ತು ಹಿಡಿಯುತ್ತದೆ. ಫಾರ್ಮ್ಯಾಟ್ ಇನ್ನು ಬೇಡವೇ?

ಉತ್ತರ (ಬೀದರ್)

ನನ್ನ ಅಭಿಪ್ರಾಯದಲ್ಲಿ ಈಗ ಬೇಕು. ಮೊದಲೇ ಮಾಡಿಸಿದ್ದರೆ ಧೂಳಿನ ತೊಂದರೆ ಹಾಗೆಯೇ ಉಳಿದು, ಫಾರ್ಮ್ಯಾಟ್ ಮಾಡಿದರೂ ಮಧ್ಯಾಹ್ನ ನಿಧಾನವಾಗುತ್ತಿತ್ತು, ಆಗ ಹೊಸ ಕಂಪ್ಯೂಟರ್ ಕೊಳ್ಳುವ ಮಾತು ಬರುತ್ತಿತ್ತು. ಈಗಿನ ಕಾರಣ ಬೇರೆ: ಅಡ್ಮಿನಿಸ್ಟ್ರೇಟರ್ ಅಧಿಕಾರ ಪಡೆದು ಡಿಫೆಂಡರಿನ ಪಟ್ಟಿಯನ್ನೇ ತಿದ್ದಿದ ಪ್ರೋಗ್ರಾಮ್ ಇನ್ನೇನನ್ನು ಬಿಟ್ಟುಹೋಗಿದೆ ಎಂಬುದನ್ನು ಯಾವ ಸ್ಕ್ಯಾನೂ ಪೂರ್ತಿಯಾಗಿ ಹೇಳಲಾರದು. ಆರಂಭದ ನಿಧಾನಕ್ಕೆ ಹಾರ್ಡ್ ಡಿಸ್ಕ್ ಕಾರಣ. ಹಾರ್ಡ್ ಡಿಸ್ಕಿಗಿಂತ ಬಹಳ ವೇಗವಾಗಿ ಕಡತ ಓದುವ, 256 ಜಿಬಿಯ ಸಾಟಾ ಎಸ್‌ಎಸ್‌ಡಿ ಒಂದನ್ನು ಕೊಂಡು, ವಿಂಡೋಸನ್ನು ಹೊಸದಾಗಿ ಅದರಲ್ಲೇ ಹಾಕಿ. ನಿಮ್ಮ ವಿಂಡೋಸ್ ಡಿಜಿಟಲ್ ಲೈಸೆನ್ಸಿನದಾಗಿದ್ದರೆ ಅದು ಮದರ್‌ಬೋರ್ಡಿಗೆ ಹೊಂದಿಕೊಂಡಿರುವುದರಿಂದ, ಇಂಟರ್ನೆಟ್ ಸಿಕ್ಕಿದೊಡನೆ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಾಲ್ಕನೆಯ ತಲೆಮಾರಿನ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ಅಲ್ಲಿ ಇಂಟೆಲ್‌ನಲ್ಲಿ ಎಂಟನೆಯ ತಲೆಮಾರಿನಿಂದ ಮೇಲಿನವೇ ಬಹುತೇಕ ಇವೆ. ಹೀಗಾಗಿ ವಿಸ್ತರಿತ ಭದ್ರತಾ ಅಪ್‌ಡೇಟುಗಳಿಗೆ ಹೆಸರು ನೋಂದಾಯಿಸಿಕೊಳ್ಳಿ. ಅಥವಾ ಮಗಳ ಪಾಠಕ್ಕೂ ಬ್ರೌಸರಿಗೂ ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆ ಸಾಕಾಗುತ್ತದೆ, ಲೆಕ್ಕಕ್ಕೆ ಲಿಬ್ರೆಆಫೀಸ್ ಇದೆ, ಕನ್ನಡ ಟೈಪಿಂಗ್ ವ್ಯವಸ್ಥೆಯೂ ಅದರಲ್ಲಿ ದೊರೆಯುತ್ತದೆ.

ಹಳೆಯ ಡಿಸ್ಕಿನಿಂದ ಲೆಕ್ಕದ ಹಾಳೆಗಳನ್ನೂ ಚಿತ್ರಗಳನ್ನೂ ಮಾತ್ರ ಹೊರಗಿನ ಡ್ರೈವಿಗೆ ಪ್ರತಿ ಮಾಡಿ. ಡೌನ್‌ಲೋಡ್ಸ್ ಫೋಲ್ಡರನ್ನು ಪ್ರತಿ ಮಾಡಬೇಡಿ. ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಹಾಕುವಾಗ ಹಳೆಯ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತಿಡಿ, ಇಲ್ಲದಿದ್ದರೆ ಬೂಟ್ ಕಡತಗಳು (ಕಂಪ್ಯೂಟರ್ ಆರಂಭಿಸುವ ಕಡತಗಳು) ಅದರಲ್ಲೇ ಹೋಗಿ ಕೂರುವ ಸಾಧ್ಯತೆ ಇದೆ.