ಅಡಿಕೆ ಸಿಪ್ಪೆಯಿಂದ ನೀರಿನಲ್ಲಿರುವ ಸೀಸ ತೆಗೆಯಬಹುದಾ?

ಪ್ರಶ್ನೆ (ಅಡಿಕೆ ಬೆಳೆಗಾರ, ತೀರ್ಥಹಳ್ಳಿ ಕಡೆ): ಪ್ರತಿ ವರ್ಷ ಅಂಗಳದಲ್ಲಿ ಅಡಿಕೆ ಸಿಪ್ಪೆ ರಾಶಿ ಬೀಳುತ್ತದೆ. ಅದು ನೀರಿನಲ್ಲಿರುವ ಸೀಸ, ತಾಮ್ರವನ್ನೆಲ್ಲ ಹೀರಿಕೊಳ್ಳುತ್ತದೆ ಅಂತ ಓದಿದೆ. ಡ್ರಮ್ಮಿಗೆ ಸಿಪ್ಪೆ ತುಂಬಿ, ಬೋರ್‌ವೆಲ್ ನೀರು ಹಾಯಿಸಿ ಕುಡಿಯಬಹುದಾ ಸಾರ್?

ಉತ್ತರ (ನೀರು ಶುದ್ಧೀಕರಣ ಎಂಜಿನಿಯರ್): ನೀವು ಓದಿದ್ದು ನಿಜ. ಆದರೆ ಕುಡಿಯುವ ನೀರಿಗೆ ದಯವಿಟ್ಟು ಹಾಗೆ ಮಾಡಬೇಡಿ.

ಸಿಪ್ಪೆಯ ನಾರಿನ ಮೈಮೇಲೆ ಋಣ ವಿದ್ಯುದಂಶದ ಜಾಗಗಳಿರುತ್ತವೆ. ನೀರಿನಲ್ಲಿ ಕರಗಿದ ಸೀಸ, ತಾಮ್ರ, ಕ್ಯಾಡ್ಮಿಯಂ ಧನ ವಿದ್ಯುದಂಶದವು. ಹೋಗಿ ಅಲ್ಲಿ ಅಂಟಿಕೊಳ್ಳುತ್ತವೆ. ಭತ್ತದ ಹೊಟ್ಟು, ಶೇಂಗಾ ಸಿಪ್ಪೆ, ತೆಂಗಿನ ನಾರಿನ ಪುಡಿ, ಎಲ್ಲವೂ ಕೆಲಸ ಮಾಡುವುದು ಹೀಗೇ.

ಕಣ್ಣಾರೆ ನೋಡಬಹುದು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡಲು ಮೈಲುತುತ್ತ (ತಾಮ್ರದ ಸಲ್ಫೇಟ್) ಇಟ್ಟಿರುತ್ತೀರಿ ಅಲ್ವಾ? ಅಡುಗೆಗೆ ಬಳಸದ ಪಾತ್ರೆಯಲ್ಲಿ ಒಂದು ಲೀಟರ್ ನೀರಿಗೆ ಒಂದೇ ಚಿಟಿಕೆ ಹಾಕಿ. ತಿಳಿ ನೀಲಿ ಬರುತ್ತದೆ. ಚೆನ್ನಾಗಿ ತೊಳೆದು ಪುಡಿ ಮಾಡಿದ ಸಿಪ್ಪೆ ಎರಡು ಮೂರು ಹಿಡಿ ಹಾಕಿ, ಆಗಾಗ ಕಲಕುತ್ತಾ ಕೆಲವು ಗಂಟೆ ಬಿಡಿ. ನೀಲಿ ಎಷ್ಟೋ ಮಾಸಿರುತ್ತದೆ. ಮೊದಲ ಸಲ ಇದನ್ನು ನೋಡಿದಾಗ ನನಗೂ ಬಹಳ ಖುಷಿಯಾಗಿತ್ತು.

ಮೋಸ ಹೋಗುವುದೂ ಇಲ್ಲೇ. ನೀಲಿ ಹೋಯಿತು ಅಂದರೆ ತಾಮ್ರ ಪೂರ್ತಿ ಹೋಯಿತು ಅಂತಲ್ಲ. ಸೀಸಕ್ಕಂತೂ ಬಣ್ಣವೂ ಇಲ್ಲ. ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಸಿಪ್ಪೆಯ ಜಾಗಗಳು ತುಂಬಿದ ದಿನ ಸೀಸ ಸೀದಾ ಲೋಟಕ್ಕೆ ಬರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಬೋರ್‌ವೆಲ್ ನೀರು ಗಡಸಾಗಿದ್ದರೆ ಕ್ಯಾಲ್ಸಿಯಂ ಕೂಡ ಅದೇ ಜಾಗಕ್ಕೆ ಮುಗಿಬೀಳುತ್ತದೆ. ಜೊತೆಗೆ ಸಿಪ್ಪೆ ಚೊಗರು ಬಿಟ್ಟು ನೀರು ಕಂದಾಗುತ್ತದೆ, ನೆನೆದಲ್ಲೇ ಕೊಳೆಯುತ್ತದೆ.

ಮೊದಲು ನೀರು ಪರೀಕ್ಷೆ ಮಾಡಿಸಿ. ಲೋಹಗಳನ್ನೂ ನೋಡಿ ಅಂತ ಬಾಯಿಬಿಟ್ಟು ಕೇಳಿ. ಸಾಮಾನ್ಯ ಪರೀಕ್ಷೆಯಲ್ಲಿ ಸೀಸ ಸೇರಿರಲಿಕ್ಕಿಲ್ಲ.

ಪ್ರಶ್ನೆ (ರಾಯಚೂರು ಜಿಲ್ಲೆಯಿಂದ): ನಮ್ಮಲ್ಲಿ ಆರ್ಸೆನಿಕ್ ಭಯ. ಭತ್ತದ ಹೊಟ್ಟು ಬೇಕಾದಷ್ಟಿದೆ. ಹಾಕಬಹುದಾ?

ಉತ್ತರ: ಸುಮ್ನೆ ಹೊಟ್ಟು ಹಾಕಿದರೆ ಪ್ರಯೋಜನವಿಲ್ಲ. ಹಟ್ಟಿ ಚಿನ್ನದ ಗಣಿ ಕಡೆ ಚಿನ್ನದ ಜೊತೆ ಬಂಡೆಯಲ್ಲೇ ಆರ್ಸೆನಿಕ್ ಖನಿಜವಿದೆ. ನೀರಿಗಿಳಿದ ಆರ್ಸೆನಿಕ್ಕಿಗೆ ಋಣ ವಿದ್ಯುದಂಶ ಇರುತ್ತದೆ, ಇಲ್ಲವೇ ಯಾವ ವಿದ್ಯುದಂಶವೂ ಇರುವುದಿಲ್ಲ. ಹಾಗಾಗಿ ಹೊಟ್ಟಿಗೆ ಅಂಟುವುದಿಲ್ಲ. ಹೊಟ್ಟಿಗೆ ಕಬ್ಬಿಣದ ಆಕ್ಸೈಡ್ ಲೇಪಿಸಿದರೆ ಹಿಡಿಯುತ್ತದೆ, ಆದರೆ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಕುದಿಸಿದರೂ ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಜಾಸ್ತಿಯಾಗುತ್ತದೆ. ಪರೀಕ್ಷೆಯಲ್ಲಿ ಆರ್ಸೆನಿಕ್ ಬಂದರೆ ಆ ಬೋರ್‌ವೆಲ್ ನೀರು ಕುಡಿಯುವುದು, ಅಡುಗೆಗೆ ಬಳಸುವುದು ನಿಲ್ಲಿಸಿ.

ಪ್ರಶ್ನೆ (ಪೀಣ್ಯ, ಚಿಕ್ಕ ಪ್ಲೇಟಿಂಗ್ (ಲೋಹ ಲೇಪನ) ಘಟಕ): ನಮ್ಮದು ಕ್ರೋಮ್, ನಿಕ್ಕಲ್ ತೊಳೆದ ನೀರು. ನಮಗೇನಾದರೂ ಉಪಯೋಗ?

ಉತ್ತರ: ಇದರ ನಿಜವಾದ ಜಾಗ ನಿಮ್ಮಲ್ಲೇ ಇದೆ. ಕ್ರೋಮಿಯಂ-6 ತುಂಬಾ ವಿಷ. ಪಿಎಚ್ 2ರ ಆಸುಪಾಸಿನ ಹುಳಿ ನೀರಿನಲ್ಲಿ ಭತ್ತದ ಹೊಟ್ಟೇ ಅದನ್ನು ನಿಧಾನಕ್ಕೆ ಕಡಿಮೆ ವಿಷದ ಕ್ರೋಮಿಯಂ-3 ಮಾಡುತ್ತದೆ. ಆಮೇಲೆ ಸುಣ್ಣ ಹಾಕಿದರೆ ತಳಕ್ಕೆ ಕೂರುತ್ತದೆ. ನಿಕ್ಕಲ್‌ಗೆ ಕ್ರಮ ಬೇರೆ: ಮೊದಲು ಸುಣ್ಣ, ಉಳಿದಿದ್ದಕ್ಕೆ ಕೊನೆಯಲ್ಲಿ ಹೊಟ್ಟು ತುಂಬಿದ ಕೊಳವೆ (ಕಾಲಂ). ಈಗಿರುವ ಶುದ್ಧೀಕರಣ ಘಟಕ ಬಿಟ್ಟು ಇದೊಂದನ್ನೇ ನಂಬಬೇಡಿ. ಲೋಹ ತುಂಬಿದ ಹೊಟ್ಟನ್ನು ತೆಳು ಆಮ್ಲದಲ್ಲಿ ತೊಳೆದು ಕೆಲವು ಸಲ ಮತ್ತೆ ಬಳಸಬಹುದು. ಕೊನೆಗೆ ಅದು ಅಪಾಯಕಾರಿ ತ್ಯಾಜ್ಯ, ಪರವಾನಗಿ ಇರುವವರಿಗೇ ಕೊಡಬೇಕು.

ಪ್ರಶ್ನೆ (ತೀರ್ಥಹಳ್ಳಿಯವರು ಮತ್ತೆ): ಮೈಲುತುತ್ತದಲ್ಲಿ ನೆನೆಸಿದ ಆ ಸಿಪ್ಪೆ ಗೊಬ್ಬರದ ಗುಂಡಿಗೆ ಹಾಕಬಹುದಲ್ವಾ?

ಉತ್ತರ: ಬೇಡ. ಸಿಪ್ಪೆ ಕೊಳೆಯುತ್ತದೆ, ತಾಮ್ರ ಕೊಳೆಯುವುದಿಲ್ಲ. ವರ್ಷಗಟ್ಟಲೆ ಬೋರ್ಡೋ ಹೊಡೆದ ತೋಟದ ಮಣ್ಣಿನಲ್ಲಿ ತಾಮ್ರ ಆಗಲೇ ಸೇರಿರುತ್ತದೆ. ಸುಟ್ಟರೂ ಬೂದಿಯಲ್ಲೇ ಉಳಿಯುತ್ತದೆ. ಒಣಗಿಸಿ, ಡಬ್ಬಿಗೆ ಹಾಕಿ ಬಾಯಿ ಮುಚ್ಚಿ, ಬಾವಿಯಿಂದ, ದನಗಳಿಂದ ದೂರ ಇಡಿ.